ನಂಬರ್ ಹೊಲಿದ ಪರದೆ

ರುಕೂಬಿ ದ್ವೀಪದಲ್ಲಿರುವ ಅತ್ತಿಗೆ ನ್ಯಾಂಗೇತಾಳಿಗೆ,

ನಿನ್ನೆ ಸಂಜೆ ಸೊಳ್ಳೆ ಪರದೆಯ ವರದಿಗೆ ಸಹಿ ಬಿತ್ತು. ಇನ್ನು ನಿನಗೆ ಕಾಗದ ಬರೆಯಬಹುದು. ಇಷ್ಟು ದಿನ ಯಾಕೆ ಸುದ್ದಿಯಿಲ್ಲ, ದೋಣಿಯವನ ಬಾಯಲ್ಲಿ ಒಂದು ಮಾತನ್ನೂ ಯಾಕೆ ಹೇಳಿ ಕಳಿಸಲಿಲ್ಲ ಎಂದು ನೀನು ಬೈದುಕೊಂಡಿರುತ್ತೀಯ. ಬೈಯುವುದರಲ್ಲಿ ನಿನ್ನನ್ನು ಮೀರಿಸುವವರಿಲ್ಲ ಎಂಬುದು ನನಗೆ ಶಾಲೆಯ ಮೊದಲ ಬೆಂಚಿನಿಂದಲೂ ಗೊತ್ತು. ಕೆಲಸ ಮುಗಿಯುವ ತನಕ ನಿನಗೆ ಸುದ್ದಿ ಕಳಿಸಬಾರದು, ಪರದೆಯ ಮಾತು ಎತ್ತಬಾರದು ಎಂದು ಆಫೀಸು ಕಟ್ಟಪ್ಪಣೆ ಮಾಡಿತ್ತು. ನಾನು ಅದನ್ನು ಮೀರಲಿಲ್ಲ. ಮೀರಬೇಕು ಅನ್ನಿಸಿದ್ದು ಎಷ್ಟು ಸಲ ಎಂದು ಮಾತ್ರ ಕೇಳಬೇಡ.

ಸುಸ್ತಾಗಿದೆ ಅತ್ತಿಗೆ. ಜ್ವರ ಬಿಟ್ಟಮೇಲೂ ಮೈ ಇನ್ನೂ ನನ್ನದಾಗಿಲ್ಲ. ಎರಡು ಮೆಟ್ಟಿಲು ಹತ್ತಿದರೆ ಮಂಡಿ ಹಿಡಿದು ನಿಲ್ಲಬೇಕು. ಇಷ್ಟು ವರ್ಷ ಮೋಟಾರ್‌ಬೈಕಿನ ಹಿಂದೆ ಕೂತು, ದೋಣಿಯಲ್ಲಿ ನೆನೆದು, ಊರೂರು ಅಲೆದು ನಾನು ಮಾಡಿದ್ದೇನು ಎಂದು ಯೋಚಿಸಿದರೆ ನಗು ಬರುತ್ತದೆ. ಜನರ ಮಲಗುವ ಕೋಣೆಗೆ ನುಗ್ಗಿ ಅವರ ಸೊಳ್ಳೆ ಪರದೆಯಲ್ಲಿ ಎಷ್ಟು ತೂತಿದೆ ಎಂದು ಎಣಿಸಿದ್ದು. ಹೆಬ್ಬೆರಳು ಹೋಗುವ ತೂತು ಬೇರೆ, ಮುಷ್ಟಿ ಹೋಗುವ ತೂತು ಬೇರೆ, ತಲೆ ಹೋಗುವ ತೂತು ಬೇರೆ. ಗಂಡಸರನ್ನು ಆ ಕೋಣೆಗೆ ಯಾರೂ ಬಿಡುವುದಿಲ್ಲವಾದ್ದರಿಂದ ಈ ಭಾಗ್ಯ ನಮ್ಮಂಥ ಹೆಂಗಸರ ಪಾಲಿಗೆ ಬಂತು. ನಿನ್ನ ಮದುವೆಯ ದಿನ ನಾನು ಆರೋಗ್ಯ ಇಲಾಖೆಯ ಕೆಲಸಕ್ಕೆ ಸೇರುತ್ತೇನೆ ಎಂದಾಗ ಸೂಜಿ ಚುಚ್ಚುವ ನರ್ಸಮ್ಮ ಆಗುತ್ತೀಯಾ ಎಂದು ಕೇಳಿದ್ದೆಯಲ್ಲ. ಚುಚ್ಚುವುದನ್ನು ಸೊಳ್ಳೆಗೆ ಬಿಟ್ಟು ನಾನು ಲೆಕ್ಕದವಳಾದೆ.

ಮೂರು ವರ್ಷದ ಹಿಂದೆ ದ್ವೀಪಕ್ಕೆ ಪರದೆಗಳು ಬಂದ ದಿನ ನಿನಗೆ ನೆನಪಿರಬೇಕು. ಮನೆಗೆ ಮೂರು ಮೂರರಂತೆ ಹಂಚಿದೆವು. ಆಮೇಲೆ ಮಾವಿನ ಮರದ ಕೆಳಗೆ ಊರನ್ನೆಲ್ಲ ಕೂರಿಸಿಕೊಂಡು, ಎಲ್ಲ ಮನೆಗಳ ಹೆಸರನ್ನೂ ಚೀಟಿ ಬರೆದು, ಉಗಾಲಿ ಮುದ್ದೆ ತಿರುವುವ ದೊಡ್ಡ ಪಾತ್ರೆಗೆ ಹಾಕಿ ಕಲಕಿದೆವು. ಇಷ್ಟು ಪರದೆಗಳು ಎಷ್ಟು ವರ್ಷ ಬಾಳುತ್ತವೆ, ಎಷ್ಟು ಹರಿಯುತ್ತವೆ, ಅವುಗಳಿಗೆ ಹಾಕಿದ ಔಷಧಿ ಎಷ್ಟು ದಿನ ಸೊಳ್ಳೆ ಕೊಲ್ಲುತ್ತದೆ ಎಂದು ತಿಳಿಯಲು ಎಲ್ಲ ಮನೆಗೂ ಹೋಗಲು ನಮಗೆ ಆಗುವುದಿಲ್ಲ. ಅದಕ್ಕೇ ಕೆಲವು ಮನೆ ಆರಿಸುವುದು. ಆರಿಸುವವರು ನಾವಾಗಬಾರದು, ಚೀಟಿಯಾಗಬೇಕು. ಊರ ಅಧ್ಯಕ್ಷರಿಗೆ ಇದು ಹಿಡಿಸಲೇ ಇಲ್ಲ. ಒಳ್ಳೆಯ ಮನೆ ಯಾವುದು, ಕೊಳಕು ಮನೆ ಯಾವುದು ಎಂದು ನಾನು ಹೇಳುತ್ತೇನೆ, ಒಳ್ಳೆಯವನ್ನೇ ನೋಡಿಕೊಂಡು ಹೋಗಿ, ಊರಿಗೂ ಮರ್ಯಾದೆ ನಿಮಗೂ ಅನುಕೂಲ ಎಂದು ಕೊನೆಯವರೆಗೂ ವಾದ ಮಾಡಿದರು. ನಾನು ಅವರಿಗೆ ಪಾತ್ರೆಯ ಮಾತೇ ಹೇಳಿದೆ. ಹುರುಳಿ ಬೆಂದಿದೆಯೋ ಇಲ್ಲವೋ ನೋಡಲು ಪಾತ್ರೆಯನ್ನೆಲ್ಲ ತಿನ್ನಬೇಕಾಗಿಲ್ಲ, ಚೆನ್ನಾಗಿ ತಿರುವಿ ಒಂದು ಸೌಟು ತೆಗೆದರೆ ಸಾಕು ಎಂದೆ. ಜನ ತಲೆ ಆಡಿಸಿದರು. ನೀನು ಮಾತ್ರ ಹಿಂದಿನಿಂದ ಏನೋ ಗೊಣಗಿದೆ, ಪಕ್ಕದವರು ನಕ್ಕರು. ಏನೆಂದು ನನಗೆ ಕೇಳಿಸಲಿಲ್ಲ. ಅದು ಕೇಳಿಸಿದ್ದು ಮೂರು ವರ್ಷ ಆದಮೇಲೆ.

ಅಣ್ಣನ ಹೆಸರಿನ ಚೀಟಿಯೂ ಬಂತು. ಮಗೇಸನ ಮನೆ ಎಂದು ಓದಿದಾಗ ಹೆಂಗಸರೆಲ್ಲ ನಿನ್ನನ್ನು ಕೆಣಕಿದರು, ನಾದಿನಿ ಇದ್ದರೆ ಇಂಥ ನಾದಿನಿ ಇರಬೇಕು ಎಂದು. ನಾನು ಆ ಮನೆಯ ಹೆಣ್ಣುಮಗಳು, ಆ ಮನೆಗೆ ಕೆಲಸದ ಮೇಲೆ ನಾನು ಕಾಲಿಡುವ ಹಾಗಿಲ್ಲ, ನಮ್ಮ ಬೋಕೆ ಎಂಬ ಹುಡುಗಿ ಬರುತ್ತಾಳೆ ಎಂದು ಅಲ್ಲೇ ಹೇಳಿದೆ. ನಿನ್ನ ಮೂರು ಪರದೆಗಳಲ್ಲೂ ಚೀಟಿ ಎತ್ತಿ ಒಂದನ್ನು ಆರಿಸಿದೆವು. ಅದರ ಅಂಚಿಗೆ ಬಿಳಿ ಬಟ್ಟೆಯ ಪಟ್ಟಿ ಇಟ್ಟು, ಅದರ ಮೇಲೆ ನಂಬರ್ ಬರೆದು, ಬೋಕೆ ಹೊಲಿದಳು. ಅವಳ ಹೊಲಿಗೆ ನೋಡಿ ನೀನು ಸೂಜಿಯನ್ನು ಕಸಿದುಕೊಂಡು ನೀನೇ ಹೊಲಿದುಬಿಟ್ಟೆ. ಬಲೆ ಹೆಣೆಯುವವರ ದ್ವೀಪದಲ್ಲಿ, ಅದರಲ್ಲೂ ಎಲ್ಲರಿಗಿಂತ ಚೆನ್ನಾಗಿ ಬಲೆ ತೇಪೆ ಹಾಕುವ ನಿನ್ನೆದುರಿಗೆ, ಆ ಬೆಟ್ಟದ ಕಡೆಯ ಹುಡುಗಿ ಹೊಲಿಯಲು ಕೂತದ್ದೇ ತಪ್ಪು.

ಮೊದಲ ವರ್ಷ ಬೋಕೆ ಬಂದು ನೋಡಿ ಹೋದಳು, ಪರದೆ ಹೊಸದರಂತಿತ್ತು. ಎರಡನೆಯ ವರ್ಷ ಅಣ್ಣ ಹೋದ. ಎದೆಯ ಕೆಮ್ಮು ಎಂದು ಶುರುವಾದದ್ದು, ಮೀನಿಗೆಂದು ಸರೋವರದ ಮೇಲೆ ಹೋಗಲಾರದೆ, ಆಮೇಲೆ ಅಂಗಳಕ್ಕೂ ಬರಲಾರದೆ, ಕೊನೆಗೆ ಉಸಿರೇ ಬರಲಿಲ್ಲ. ನಾನು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆ ದಿನಗಳಲ್ಲಿ ಅವನು ಹಾಸಿಗೆಯಲ್ಲಿ ಕೂತು, ತಲೆಯ ಮೇಲೆ ಇಳಿಬಿದ್ದ ಪರದೆಯ ತೂತುಗಳನ್ನು ಮೀನುಬಲೆಯ ಕಪ್ಪು ದಾರದಲ್ಲಿ ಕಟ್ಟುತ್ತಿದ್ದನಂತೆ. ನೀನೇ ಹೇಳಿದ್ದು, ಅಳುತ್ತಾ ನಗುತ್ತಾ. "ನಿಮ್ಮಣ್ಣ ಮೀನು ಸಿಗದೆ ಸೊಳ್ಳೆ ಹಿಡಿಯೋಕೆ ಬಲೆ ಕಟ್ತಾ ಕೂತಿದ್ದ ಕಣೆ." ಎಡಗೈಯವನಾದ್ದರಿಂದ ಅವನ ಗಂಟು ಎಲ್ಲರ ಗಂಟಿಗಿಂತ ಉಲ್ಟಾ ಬೀಳುತ್ತಿತ್ತು. ಅಪ್ಪ ಅದಕ್ಕೇ ಅವನಿಗೆ ಹೊಡೆಯುತ್ತಿದ್ದ, ಅವನು ಬದಲಾಗಲಿಲ್ಲ.

ಈ ವರ್ಷ ಕೊನೆಯ ಸುತ್ತು ಮುಗಿಯಿತು. ನಿನ್ನ ದ್ವೀಪದಲ್ಲಿ, ಅಕ್ಕಪಕ್ಕದ ದ್ವೀಪಗಳಲ್ಲಿ, ನಂಬರ್ ಇದ್ದ ಪರದೆಗಳೆಲ್ಲ ಗಟ್ಟಿಮುಟ್ಟು. ದಡದ ಮೇಲಿನ ಊರುಗಳಲ್ಲಿ ಚಿಂದಿಯಾಗಿದ್ದವು, ದ್ವೀಪಗಳಲ್ಲಿ ಮಾತ್ರ ಎಲ್ಲೋ ಒಂದು ಹೆಬ್ಬೆರಳ ತೂತು. ನಮ್ಮ ಮುಖ್ಯಸ್ಥ ಡಾಕ್ಟರ್ ಮಲೇಕೋ ಬಹಳ ಹುಷಾರಿನ ಮನುಷ್ಯ, ಆದರೂ ಆ ದಿನ ಅವನ ಮುಖ ಅರಳಿತ್ತು. ಚಹಾ, ಎಣ್ಣೆಯಲ್ಲಿ ಕರಿದ ಮಂದಾಜಿ ತರಿಸಿದ. ದ್ವೀಪದ ಜನ ಬಲೆಯೊಂದಿಗೆ ಬದುಕಿದವರು, ಅವರಿಗೆ ಪರದೆ ಜೋಪಾನ ಮಾಡುವುದು ಗೊತ್ತು ಎಂದ. ಹಾಗಾಗಿ ಹೊಸ ಪರದೆಗಳನ್ನು ಮೊದಲು ದಡದವರಿಗೆ ಕೊಡುವುದು, ದ್ವೀಪದವರಿಗೆ ಇನ್ನೆರಡು ವರ್ಷ ಬಿಟ್ಟು ಕೊಡುವುದು ಎಂದು ಬರೆಯಲು ಹೇಳಿದ. ನಾನೂ ಮಂದಾಜಿ ತಿಂದೆ. ನನಗೂ ಹೆಮ್ಮೆಯಾಗಿತ್ತು, ಸುಳ್ಳು ಯಾಕೆ ಹೇಳಲಿ.

ಆಮೇಲೆ ರಜೆ ಹಾಕಿ ಅಣ್ಣನ ವರ್ಷದ ಪ್ರಾರ್ಥನೆಗೆ ನಿನ್ನ ಮನೆಗೆ ಬಂದೆ. ಆಫೀಸಿನ ದೋಣಿಯಲ್ಲ, ಮೀನು ಒಯ್ಯುವ ದೋಣಿ. ಆಫೀಸಿನ ಕಿತ್ತಳೆ ಬಣ್ಣದ ಜಾಕೆಟ್ ಇಲ್ಲದೆ ಬಂದ ಮುದುಕಿಯನ್ನು ದಡದಲ್ಲಿ ಯಾರೂ ಗಮನಿಸಲಿಲ್ಲ. ಶನಿವಾರದ ಸಬ್ಬತ್ತಿಗೆ ಒಲೆ ಹಚ್ಚುವ ಹಾಗಿಲ್ಲವಾದ್ದರಿಂದ ಶುಕ್ರವಾರ ಹೊತ್ತು ಮುಳುಗುವ ಮೊದಲೇ ನೀನು ಮಾರನೆಯ ದಿನದ ಅಡುಗೆ ಮಾಡಿಟ್ಟು, ನನ್ನ ಹಾಸಿಗೆ ಹಾಸಿದೆ. ಟ್ರಂಕಿನ ಮುಚ್ಚಳ ತೆರೆದ ಸದ್ದು ಕೇಳಿಸಿತು. ನೀನು ತಂದು ಕಟ್ಟಿದ ಪರದೆಯಲ್ಲಿ ಮಡಿಕೆಯ ಗೆರೆಗಳು ಇಸ್ತ್ರಿ ಹಾಕಿದ ಹಾಗೆ ಎದ್ದು ಕಾಣುತ್ತಿದ್ದವು. ಸಾಬೂನಿನ ವಾಸನೆ. ಅಂಚಿನಲ್ಲಿ ನೀನೇ ಹೊಲಿದ ಬಿಳಿ ಪಟ್ಟಿ, ಅದರಲ್ಲಿ ನಮ್ಮ ನಂಬರ್. ದಿನಾ ತೂಗುವ ಪರದೆಯಲ್ಲಿ ಮಡಿಕೆಯ ಗೆರೆ ಇರುವುದಿಲ್ಲ ಅತ್ತಿಗೆ. ಇಷ್ಟು ವರ್ಷ ಪರದೆ ನೋಡಿದವಳಿಗೆ ಅಷ್ಟು ಸಾಕಾಯಿತು.

ಯಾಕೆ ಇದನ್ನು ಕಟ್ಟುವುದಿಲ್ಲ ಎಂದು ಕೇಳಿದೆ. ನೀನು ನನ್ನನ್ನು ಹುಚ್ಚಿಯ ಹಾಗೆ ನೋಡಿದೆ.

"ನಂಬರ್ ಇದ್ದದ್ದು ನಿಮ್ದು. ನಂಬರ್ ಇಲ್ಲದ್ದು ನಮ್ದು," ಅಂದೆ. "ನಾಳೆ ನಿಮ್ಮೋರು ಬಂದು, ಮಗೇಸನ ಹೆಂಡ್ತಿ ನಾದಿನಿ ಕೊಟ್ಟ ಪರದೆನ ಹರಿದು ಚಿಂದಿ ಮಾಡವ್ಳೆ ಅಂತ ಬರ್ಕೊಂಡು ಹೋಗ್ಲಾ? ನಿಂಗೆ ಮರ್ಯಾದೆ ಬೇಡ್ದಿದ್ರೆ ಬೇಡ, ನಂಗೆ ಬೇಕು."

ಊರಲ್ಲಿ ಎಲ್ಲರೂ ಹೀಗೇನಾ ಎಂದು ಕೇಳಿದೆ. ನಮ್ಮ ಕಿತ್ತಳೆ ಜಾಕೆಟ್ ನೀರಿನ ಮೇಲೆ ಕಂಡ ಕೂಡಲೇ ಊರಿಗೆ ಊರೇ ಟ್ರಂಕ್ ತೆಗೆಯುತ್ತದೆ, ದೋಣಿ ದಡ ಮುಟ್ಟುವಷ್ಟರಲ್ಲಿ ಎಲ್ಲರ ಮನೆಯಲ್ಲೂ ನಂಬರಿನ ಪರದೆ ಹಾಸಿಗೆಯ ಮೇಲೆ ತೂಗುತ್ತಿರುತ್ತದೆ ಎಂದು ನೀನು ಹೆಮ್ಮೆಯಿಂದಲೇ ಹೇಳಿದೆ. ಇದರಲ್ಲಿ ಮೋಸ ಇದೆ ಎಂದು ನಿನಗೆ ಅನ್ನಿಸಿಯೇ ಇರಲಿಲ್ಲ. ನನಗೂ ಆ ಮಾತು ಬಾಯಿಗೆ ಬರಲಿಲ್ಲ. ಬೇರೆಯವರ ಸಾಮಾನನ್ನು ಕೆಡಿಸದೆ ಇಟ್ಟು ಒಪ್ಪಿಸುವುದೇ ನಮ್ಮಲ್ಲಿ ಮನೆತನ. ಅಮ್ಮ ನಮಗಿಬ್ಬರಿಗೂ ಕಲಿಸಿದ್ದು ಅದನ್ನೇ.

ಆಗ ಆ ಹಳೆಯ ಗೊಣಗಾಟವೂ ಹೊರಬಂತು. "ಅವತ್ತು ಮರದ ಕೆಳಗೆ ಸೌಟು ಸೌಟು ಅಂತಿದ್ಯಲ್ಲ, ಅವತ್ತೇ ಹೇಳ್ದೆ ನಾನು. ತಳ ಹತ್ತಿದ್ದನ್ನ ನೆಂಟ್ರಿಗೆ ಬಡಿಸೋ ಹೆಂಗಸು ಯಾವಳಿದಾಳೆ?"

ನಾನು ನಕ್ಕುಬಿಟ್ಟೆ. ನಗು ಬಂದದ್ದಲ್ಲ, ಬೇರೇನು ಮಾಡಬೇಕೋ ತೋಚಲಿಲ್ಲ. ನಾವು ಪಾತ್ರೆಯನ್ನು ಎಷ್ಟೇ ತಿರುವಿದರೂ ನೀವು ನಮಗೆ ಬಡಿಸಿದ್ದು ಮೇಲಿನದ್ದನ್ನೇ. ಆ ಮಾತನ್ನು ಮೂರು ವರ್ಷದ ಹಿಂದೆ ನಾನು ಕೇಳಿಸಿಕೊಂಡಿದ್ದರೆ ಎಷ್ಟೋ ಮಂದಾಜಿ ಉಳಿಯುತ್ತಿದ್ದವು.

ನಿನ್ನ ಮೊಮ್ಮಕ್ಕಳ ಜೊತೆ ಮಲಗುತ್ತೇನೆ ಎಂದು ನಾನು ಹಟ ಹಿಡಿದೆ. ನೀನು ಬೇಡವೆಂದೆ, ನೆಂಟಳಿಗೆ ಆ ಪರದೆಯಾ ಎಂದೆ, ಸಿಟ್ಟು ಮಾಡಿಕೊಂಡೆ. ನಾನು ಹೋಗಿ ಆ ಮಕ್ಕಳ ನಡುವೆ ಬಿದ್ದುಕೊಂಡೆ. ಆ ಪರದೆಯ ಒಂದು ಮೂಲೆಯಲ್ಲಿ ಸಣ್ಣ ಮೀನು ಒಣಗಿಸಿದ ವಾಸನೆ. ಪಕ್ಕದಲ್ಲಿ ನನ್ನ ತಲೆ ಹೋಗುವಷ್ಟು ಬಾಯಿ. ಕೆಲಸದ ಚಟಕ್ಕೆ ಎಣಿಸಬೇಕೆಂದು ಕೈ ಎತ್ತಿದವಳು ಕೆಳಗಿಳಿಸಿದೆ. ರಜೆಯಲ್ಲಿದ್ದೆ.

ಪಟ್ಟಣಕ್ಕೆ ಮರಳಿದವಳೇ ಡಾಕ್ಟರ್ ಮಲೇಕೋ ಮುಂದೆ ನಿಂತು ಎಲ್ಲ ಹೇಳಿದೆ. ಅವನು ಬೈಯಲಿಲ್ಲ, ನಗಲೂ ಇಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟ.

"ಅಮ್ಮ, ನೀವು ಹೇಳೋದು ನಿಜಾನೇ ಇರುತ್ತೆ," ಅಂದ. "ಆದ್ರೆ ನೀವು ಆ ಮನೆ ಮಗಳು. ನಿಮ್ಮ ಮಾತಿನ ಮೇಲೆ ನಾನು ವರದಿ ತಿದ್ದಿದ್ರೆ ನಾಳೆ ಇನ್ನೊಬ್ಬರು ಬಂದು ನಮ್ಮೂರಲ್ಲೂ ಹರಿದಿದೆ ಅಂತಾರೆ. ಮನೆಯವರ ಬಾಯಿಂದಾನೇ ಬರಬೇಕು."

ಅವನ ತೀರ್ಮಾನ ಇಷ್ಟು. ಬೋಕೆಯ ತಂಡ ದ್ವೀಪಗಳಿಗೆ ಮತ್ತೆ ಹೋಗುವುದು. ನಂಬರ್ ಇದ್ದ ಮನೆಗಳಲ್ಲೇ, ಇನ್ನೊಂದು ಪರದೆ ಇದೆಯಾ ಎಂದು ಕೇಳುವುದು. ಇದೆ ಎಂದರೆ, ಅವುಗಳಲ್ಲಿ ಒಂದನ್ನು ಚೀಟಿ ಎತ್ತಿ ಪರೀಕ್ಷೆಗೆ ತರುವುದು, ಬದಲಿಗೆ ಹೊಸದೊಂದನ್ನು ಕೊಟ್ಟು ಬರುವುದು. ಇಲ್ಲ ಎಂದರೆ ಅಲ್ಲಿಗೆ ಮುಗಿಯಿತು, ಹಳೆಯ ವರದಿಯೇ ನಿಲ್ಲುತ್ತದೆ. ಹೊಸದು ಕೊಡುತ್ತೇವೆ ಎಂದು ಮೊದಲೇ ಹೇಳುವ ಹಾಗಿಲ್ಲ, ಹೇಳಿದರೆ ಇಲ್ಲದವರೂ ಇದೆ ಅನ್ನುತ್ತಾರೆ. ನಾನು ದ್ವೀಪಕ್ಕೆ ಹೋಗಬಾರದು, ಯಾರ ಕೈಯಲ್ಲೂ ಸುದ್ದಿ ಕಳಿಸಬಾರದು. ಹೀಗೆ ಉತ್ತರ ಹೇಳಿ ಎಂದು ಕಲಿಸಿಕೊಟ್ಟ ಮೇಲೆ ಆ ಉತ್ತರಕ್ಕೆ ಬೆಲೆ ಎಲ್ಲಿದೆ? ನನಗೂ ಗೊತ್ತು. ಹೊಸಬರಿಗೆ ಇದನ್ನೇ ಪಾಠ ಹೇಳಿದವಳು ನಾನು.

ಆಗಲೇ ಜ್ವರ ಬಂತು. ಮಂಚ ಅದುರುವ ಹಾಗೆ ನಡುಗಿದೆ. ಸುದ್ದಿ ನಿನಗೆ ಹೇಗೆ ಮುಟ್ಟಿತೋ, ಒಣಮೀನಿನ ಗಂಟು ಕಟ್ಟಿಕೊಂಡು ದೋಣಿ ಹತ್ತಿ ಬಂದೇಬಿಟ್ಟೆ. ಬಾಗಿಲಲ್ಲಿ ನಿನ್ನ ಮುಖ ಕಂಡಾಗ ನನಗೆ ಆದ ಸಂತೋಷವನ್ನೂ ಸಂಕಟವನ್ನೂ ಹೇಳಲಾರೆ. ಹೇಳಬೇಕಾದ ಮಾತು ಗಂಟಲಲ್ಲಿತ್ತು, ಹೇಳಿಸಿಕೊಳ್ಳಬೇಕಾದವಳು ನನ್ನ ಕಾಲ ಬಳಿ ಕೂತಿದ್ದಳು. ನೀನು ನನ್ನ ಹಣೆ ಒರೆಸಿದೆ, ಗಂಜಿ ಕುಡಿಸಿದೆ, ನನ್ನ ಅಡುಗೆಮನೆಯ ಅವಸ್ಥೆ ನೋಡಿ ಸಾಕಷ್ಟು ಅಂದೆ. ಆಮೇಲೆ ಕೇಳಿದೆ.

"ಈ ಜ್ವರ ನಮ್ಮನೆಯಿಂದ ತಂದ್ಕೊಂಡ್ಯಾ?"

ಪಟ್ಟಣದಲ್ಲಿ ಸೊಳ್ಳೆಗೇನು ಬರವಾ ಎಂದೆ.

"ನನ್ ಮುಖ ನೋಡಿ ಸುಳ್ಳು ಹೇಳೋಕೆ ನಿಂಗೆ ಶಾಲೇಲಿದ್ದಾಗ್ಲೂ ಬರ್ತಿರ್ಲಿಲ್ಲ."

ನೀನು ಬಿಡಲಿಲ್ಲ. ಈ ವರ್ಷ ದ್ವೀಪಕ್ಕೆ ಹೊಸ ಪರದೆ ಬರುವುದಿಲ್ಲವಂತೆ, ಹಳೆಯವು ಗಟ್ಟಿಯಾಗಿವೆ ಎಂದು ಅಧ್ಯಕ್ಷರು ಸಭೆಯಲ್ಲಿ ಹೇಳಿದರಂತೆ, ಚಪ್ಪಾಳೆ ತಟ್ಟಿಸಿದರಂತೆ, ಹೌದಾ ಎಂದೆ. ನಾನು ಹೊದಿಕೆ ಎಳೆದುಕೊಂಡೆ. ಗಟ್ಟಿಯಾಗಿವೆ ಎಂದು ಯಾರು ಹೇಳಿದ್ದು ಎಂದೆ. ನಾನು ಗೋಡೆಯ ಕಡೆ ತಿರುಗಿದೆ. ನಿನ್ನ ಕೈ ನನ್ನ ಪಾದದ ಮೇಲೆ ಹಾಗೇ ನಿಂತಿತು. ಆಮೇಲೆ ನೀನೇ ಹೇಳಿದೆ, "ನಾವೇ ಹೇಳಿದ್ದು." ಅಷ್ಟೇ. ಮತ್ತೆ ಆ ಮಾತು ಎತ್ತಲಿಲ್ಲ. ಮಾರನೆಯ ದಿನ ಹೊರಡುವಾಗ ತಿರುಗಿಯೂ ನೋಡಲಿಲ್ಲ. ನಾನು ನಿನ್ನನ್ನು ತಡೆದು ಹೇಳಿಬಿಡಬೇಕಿತ್ತೇ ಎಂದು ಆ ವಾರವೆಲ್ಲ ಹಾಸಿಗೆಯಲ್ಲಿ ಹೊರಳಾಡಿದೆ. ನಿಯಮ ಸರಿಯಾಗಿದೆ ಎಂದು ಗೊತ್ತಿದ್ದರೂ ಅದು ಎದೆಯ ಮೇಲೆ ಕೂತಾಗ ಉಸಿರಾಡುವುದು ಕಷ್ಟ.

ಮುಂದಿನದ್ದನ್ನು ಬೋಕೆ ಹೇಳಿದಳು. ನಿನ್ನ ಮನೆಯಲ್ಲಿ ನಡೆದದ್ದನ್ನೇ ನಿನಗೆ ಹೇಳುತ್ತಿದ್ದೇನೆ, ಸೈರಿಸಿಕೋ. ನಾನು ಅದನ್ನು ನನ್ನ ಕೈಯಾರೆ ಒಂದು ಸಲ ಬರೆಯಬೇಕು.

ಬೇರೆ ದ್ವೀಪಗಳಲ್ಲೆಲ್ಲ ಇಲ್ಲ ಎಂದರು. ಮೂರು ಪರದೆ ಕೊಟ್ಟಿದ್ದೆವಲ್ಲ, ಉಳಿದವು ಎಲ್ಲಿ ಎಂದರೆ ನೆಂಟರಿಗೆ ಕೊಟ್ಟೆ, ಕಳೆದುಹೋಯಿತು, ಗಾಳಿಗೆ ಹಾರಿಹೋಯಿತು. ನಗುನಗುತ್ತಾ ಚಹಾ ಕೊಟ್ಟು ಕಳಿಸಿದರು. ರುಕೂಬಿಯಲ್ಲೂ ಮೊದಲ ಮನೆಗಳಲ್ಲಿ ಅದೇ ಮಾತು. ಬೋಕೆ ಸೋತುಹೋಗಿದ್ದಳು. ನಿನ್ನ ಅಂಗಳಕ್ಕೆ ಬಂದು, ಕುರ್ಚಿಯಲ್ಲಿ ಕೂತು, ಬರೀ ಕೇಳಬೇಕಲ್ಲ ಎಂದು ಕೇಳಿದಳಂತೆ. ಅಕ್ಕಪಕ್ಕದ ಹೆಂಗಸರು ಮೀನು ಹರಡುವ ನೆಪದಲ್ಲಿ ಬೇಲಿಯ ಬಳಿ ನಿಂತಿದ್ದರಂತೆ.

"ಇದೆ," ಅಂದೆಯಂತೆ ನೀನು. "ಎರಡಿದೆ. ಹೊರಗೇ ತರ್ತೀನಿ, ಬೆಳಕಲ್ಲಿ ಚೆನ್ನಾಗಿ ಕಾಣುತ್ತೆ."

ಮಕ್ಕಳ ಪರದೆಯನ್ನೂ ನಿನ್ನ ಮಂಚದ ಪರದೆಯನ್ನೂ ತಂದು, ಮೀನು ಒಣಗಿಸುವ ಅಟ್ಟದ ಮೇಲೆ ಎಲ್ಲರ ಕಣ್ಣೆದುರು ಹರಡಿದೆಯಂತೆ. ಬೋಕೆಗೇ ನಾಚಿಕೆಯಾಗಿ, ಒಳಗೆ ಹೋಗಿ ನೋಡೋಣ ಎಂದಳಂತೆ. ಎಣಿಸು, ನಾದಿನಿಯ ಕೆಲಸ ಇದು, ಅವಳು ಜ್ವರ ಬಂದು ಮಲಗಿದ್ದಾಳೆ ಎಂದೆಯಂತೆ.

ಇಲ್ಲಿ ಒಂದು ನಿಮಿಷ ನಿಲ್ಲುತ್ತೇನೆ ಅತ್ತಿಗೆ. ನೀನು ನನ್ನನ್ನು ನೋಡಿಕೊಂಡು ಹೋದ ದಿನಕ್ಕೂ ಬೋಕೆ ಬಂದ ದಿನಕ್ಕೂ ನಡುವೆ ಬೇಕಾದಷ್ಟು ಸಮಯವಿತ್ತು. ನಿನ್ನ ಕೈಗೆ ಆ ತೂತುಗಳು ಒಂದು ಮಧ್ಯಾಹ್ನದ ಕೆಲಸ. ಹರಿದ ಬಲೆ ಅಂಗಳದಲ್ಲಿ ಕಂಡರೆ ಮನೆಯ ಹೆಂಗಸು ಸೋಮಾರಿ ಎನ್ನುವ ಊರು ಅದು. ದ್ವೀಪದಲ್ಲೇ ಒಳ್ಳೆಯ ಕೈ ಎಂದು ಹೆಸರಾದವಳು ನೀನು. ಆದರೂ ಒಂದು ಹೊಲಿಗೆ ಹಾಕದೆ, ಹರಿದದ್ದನ್ನು ಹರಿದ ಹಾಗೇ ಬಿಟ್ಟು, ಆ ಹುಡುಗಿ ಬಂದು ಅದರಲ್ಲಿ ಮುಷ್ಟಿ ತೂರಿಸಲಿ ಎಂದು ಕಾದೆಯಲ್ಲ. ಬೋಕೆ ಇದನ್ನು ಮಾಮೂಲಿನಂತೆ ಹೇಳಿ ಮುಂದಕ್ಕೆ ಹೋದಳು. ನಾನು ಮುಂದಕ್ಕೆ ಹೋಗಲಾಗದೆ ಹೊದ್ದ ಬಟ್ಟೆಯಲ್ಲಿ ಮುಖ ಮುಚ್ಚಿಕೊಂಡೆ.

ಆಮೇಲೆ ಚೀಟಿ. ಎರಡು ಪರದೆಗೆ ಎರಡು ಚೀಟಿ, ನೀನೇ ಎತ್ತಿದೆ. ಮಕ್ಕಳದ್ದು ಬರುತ್ತದೆ ಎಂದು ನೀನು ಅಂದುಕೊಂಡಿದ್ದೆಯೋ ಏನೋ. ಬಂದದ್ದು ನಿನ್ನ ಮಂಚದ್ದು, ಅಣ್ಣ ಕೊನೆಯ ದಿನಗಳಲ್ಲಿ ಕಪ್ಪು ದಾರದಲ್ಲಿ ಕಟ್ಟಿದ್ದು. ಬೋಕೆಗೆ ಆ ಕಥೆ ಗೊತ್ತಿರಲಿಲ್ಲ. ನಿನ್ನ ಮುಖ ನೋಡಿ ಏನೋ ಇದೆ ಎಂದು ಹೊಳೆದು, ಬೇಕಾದರೆ ಇನ್ನೊಂದು ಸಲ ಎತ್ತಿ, ನಾನು ಯಾರಿಗೂ ಹೇಳುವುದಿಲ್ಲ ಎಂದಳಂತೆ. ಅವಳು ಹಾಗೆ ಹೇಳಬಾರದಿತ್ತು. ನಾನು ಅಲ್ಲಿದ್ದಿದ್ದರೆ ನಾನೂ ಹೇಳುತ್ತಿದ್ದೆನೇನೋ.

"ಎರಡು ಸಲ ಎತ್ತಿದ್ರೆ ಅದು ಚೀಟಿನಾ?" ಅಂದೆಯಂತೆ. ಮಡಚಿ, ಅವಳ ಚೀಲಕ್ಕೆ ನೀನೇ ಹಾಕಿದೆಯಂತೆ.

ಹೊಸ ಪರದೆಯನ್ನು ಬದಲಿಗೆ ಕೊಟ್ಟಾಗ ಅದನ್ನು ಬಿಚ್ಚಿಯೂ ನೋಡದೆ ಮಕ್ಕಳ ಹಾಸಿಗೆಗೆ ಎಸೆದೆ ಎಂದಳು. ಅವಳು ನಿನ್ನ ಅಂಗಳ ದಾಟುವಷ್ಟರಲ್ಲಿ ಬೇಲಿಯಾಚೆ ನಿಂತಿದ್ದವಳೊಬ್ಬಳು, ನಮ್ಮನೇಲೂ ಇದೆ, ಆಗ ನೆನಪಿರಲಿಲ್ಲ ಎಂದಳಂತೆ. ಸಂಜೆಯ ಹೊತ್ತಿಗೆ ಊರಿಗೆಲ್ಲ ನೆನಪು ಬಂತು. ಗಾಳಿಗೆ ಹಾರಿಹೋದವೂ ವಾಪಸ್ಸು ಹಾರಿಬಂದವು. ಮುಂದಿನ ವಾರ ಬೇರೆ ದ್ವೀಪಗಳಿಂದಲೂ ಬಂದವು. ಮಗೇಸನ ಹೆಂಡತಿಯೇ ತೋರಿಸಿದ ಮೇಲೆ ಬೇರೆಯವರಿಗೇನು ನಾಚಿಕೆ ಎಂದು ಮಾತಾಯಿತಂತೆ.

ನಿನ್ನ ಪರದೆ ನಮ್ಮ ಪ್ರಯೋಗಶಾಲೆಗೆ ಬಂದಾಗ ನಾನು ಕೆಲಸಕ್ಕೆ ಮರಳಿದ್ದೆ. ಅಲ್ಲಿಗೆ ಬಂದ ಪರದೆಗೆ ಮನೆಯ ಹೆಸರಿರುವುದಿಲ್ಲ, ಬರೀ ಸಂಖ್ಯೆ. ಯಾರದ್ದೆಂದು ತಿಳಿಯದೆ ಕತ್ತರಿಸಲಿ ಎಂದೇ ಹಾಗೆ. ಚೌಕಟ್ಟಿಗೆ ನೇತುಹಾಕಿ ಬೆಳಕಿಗೆ ತಿರುಗಿಸಿದೆ. ಕಪ್ಪು ದಾರ ಕಂಡಿತು. ಹತ್ತಿರ ಹೋದೆ. ಗಂಟುಗಳೆಲ್ಲ ಉಲ್ಟಾ ಬಿದ್ದಿದ್ದವು.

ನನ್ನ ಅಣ್ಣನ ಕೈ ಅದು. ನನಗೆ ಈಜು ಕಲಿಸಿದ ಕೈ.

ಔಷಧಿ ಉಳಿದಿದೆಯಾ ಎಂದು ನೋಡಲು ಪರದೆಯ ನಾಲ್ಕು ಬದಿಯಿಂದಲೂ ಮೇಲ್ಭಾಗದಿಂದಲೂ ಒಂದೊಂದು ತುಂಡು ಕತ್ತರಿಸಬೇಕು. ಎಲ್ಲಿ ಕತ್ತರಿಸಬೇಕು ಎಂದು ಮೊದಲೇ ಗೊತ್ತುಮಾಡಿರುತ್ತದೆ, ಅಂಚಿನಿಂದ ಇಷ್ಟು, ಮೂಲೆಯಿಂದ ಇಷ್ಟು. ಅಳತೆಪಟ್ಟಿ ಹಿಡಿದೆ. ಒಂದು ಬದಿಯಲ್ಲಿ ಅಳತೆ ಸರಿಯಾಗಿ ಅಣ್ಣನ ಗಂಟುಗಳ ಮೇಲೇ ಬಂತು. ಮತ್ತೆ ಅಳೆದೆ. ಅಲ್ಲೇ ಬಂತು. ಕೋಣೆಯಲ್ಲಿ ನಾನೊಬ್ಬಳೇ ಇದ್ದೆ. ಕತ್ತರಿಯನ್ನು ಒಂದು ಗೇಣು ಆಚೆ ಇಟ್ಟಿದ್ದರೆ ಜಗತ್ತಿನಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ, ಫಲಿತಾಂಶವೂ ಬದಲಾಗುತ್ತಿರಲಿಲ್ಲ. ಎರಡು ಸಲ ಎತ್ತಿದರೆ ಅದು ಚೀಟಿಯಾ ಎಂದು ನೀನು ಕೇಳಿದ್ದೆಯಲ್ಲ. ನಾನು ಕಣ್ಣು ಮುಚ್ಚಿಕೊಳ್ಳಲಿಲ್ಲ. ನೋಡಿಕೊಂಡೇ ಕತ್ತರಿಸಿದೆ, ಅಂಕುಡೊಂಕಾಗಬಾರದು ಎಂದು.

ತುಂಡಿನ ಮೇಲೆ ಸಣ್ಣ ಗಾಜಿನ ಬಟ್ಟಲು ಕವುಚಿ, ಅದರೊಳಗೆ ಸೊಳ್ಳೆ ಬಿಟ್ಟು ನೋಡುತ್ತಾರೆ. ಔಷಧಿ ಇದ್ದರೆ ಬೀಳುತ್ತವೆ. ಟ್ರಂಕಿನಲ್ಲಿದ್ದ ನಿನ್ನ ನಂಬರಿನ ಪರದೆಯನ್ನೂ ತಂದಿದ್ದರು, ಅದರ ಮೇಲೆ ಎಲ್ಲವೂ ಸತ್ತವು. ಅಣ್ಣನ ಗಂಟುಗಳ ಮೇಲೆ ಕೂತವು ಒಂದೂ ಸಾಯಲಿಲ್ಲ. ಆರಾಮಾಗಿ ಕೂತು, ಕಾಲು ತಿಕ್ಕಿಕೊಂಡು, ಹಾರಾಡಿದವು. ಡಾಕ್ಟರ್ ಮಲೇಕೋ ಎರಡನ್ನೂ ಅಕ್ಕಪಕ್ಕ ಇಡಿಸಿ ನೋಡಿದ. ಒಂದೇ ಮನೆ, ಒಂದೇ ದಿನ ಕೊಟ್ಟದ್ದು ಎಂದು ತನ್ನಷ್ಟಕ್ಕೇ ಹೇಳಿಕೊಂಡ. ಹಳೆಯ ವರದಿಯನ್ನು ಹರಿದು ಹಾಕಲಿಲ್ಲ, ಅವನು ಹಾಗೆಲ್ಲ ಮಾಡುವವನಲ್ಲ. ಪಕ್ಕಕ್ಕಿಟ್ಟು ಹೊಸದನ್ನು ಬರೆದ. ದ್ವೀಪಗಳಿಗೆ ಈ ಮಳೆಗೆ ಮೊದಲೇ ಪರದೆ ಕಳಿಸಬೇಕು ಎಂದು ಬರೆದು ನಿನ್ನೆ ಸಹಿ ಹಾಕಿದ. ಅಕ್ಟೋಬರಿನಲ್ಲಿ ದೋಣಿ ಬರುತ್ತದೆ. ಸರ್ಕಾರದ ಅಕ್ಟೋಬರ್, ಸ್ವಲ್ಪ ಹಿಂದೆಮುಂದೆ ಆದೀತು.

ಅಣ್ಣನ ಪರದೆಯಲ್ಲಿ ಉಳಿದದ್ದನ್ನು ನಿನಗೆ ಕಳಿಸಬೇಕೆಂದು ಆಸೆಯಿತ್ತು. ಪರೀಕ್ಷೆ ಮುಗಿದದ್ದನ್ನು ಸುಡಬೇಕು, ಮನೆಗಳಿಗೆ ಮರಳಿಸಬಾರದು, ಯಾರಾದರೂ ಮತ್ತೆ ಅದರಡಿ ಮಲಗಿಯಾರು ಎಂದು. ಹಿತ್ತಲಿನ ಗುಂಡಿಯಲ್ಲಿ ಸುಟ್ಟರು. ನಾನು ಹತ್ತಿರ ನಿಂತಿದ್ದೆ, ಅಣ್ಣನನ್ನು ಮಣ್ಣು ಮಾಡುವಾಗ ನಿಲ್ಲಲಾಗಲಿಲ್ಲವಲ್ಲ ಎಂದುಕೊಂಡು. ನಿನಗೆ ಸಿಟ್ಟು ಬಂದರೆ ಬರಲಿ. ಬಂದಾಗ ಬೈಯುವಿಯಂತೆ, ಬೈಸಿಕೊಳ್ಳಲು ಬರುತ್ತೇನೆ.

ಈ ಡಿಸೆಂಬರಿಗೆ ನನ್ನ ನೌಕರಿ ಮುಗಿಯುತ್ತದೆ. ಸುಸ್ತಾಗಿದೆ ಎಂದೆನಲ್ಲ, ಹೌದು, ಸಾಕಾಗಿದೆ. ಇಷ್ಟು ವರ್ಷ ಎಣಿಸಿದ್ದರಲ್ಲಿ ಎಷ್ಟು ನಿಜ, ಎಷ್ಟು ಟ್ರಂಕಿನದ್ದು ಎಂದು ಈಗ ಗೊತ್ತಾಗುವ ಹಾಗಿಲ್ಲ. ಅದನ್ನು ನೆನೆದರೆ ಮೈಯೆಲ್ಲ ಭಾರವಾಗುತ್ತದೆ. ಆಗ ನಿನ್ನ ಅಂಗಳದ ಅಟ್ಟದ ಮೇಲೆ ಹರಡಿದ ಆ ಎರಡು ಪರದೆಗಳನ್ನು ನೆನೆದುಕೊಳ್ಳುತ್ತೇನೆ.

ಒಂದೇ ಒಂದು ಮಾತು ಉಳಿದಿದೆ, ಈಗ ಹೇಳಬಹುದಾದ್ದರಿಂದ ಹೇಳುತ್ತೇನೆ. ಹೊಸ ಪರದೆಗಳು ಬಂದಾಗ ಮತ್ತೆ ಮರದ ಕೆಳಗೆ ಚೀಟಿ ಎತ್ತುತ್ತಾರೆ. ನಿನ್ನ ಹೆಸರು ಮತ್ತೆ ಬಂದರೂ ಬರಬಹುದು. ಬೋಕೆ ಮತ್ತೆ ಕೆಟ್ಟದಾಗಿ ನಂಬರ್ ಹೊಲಿಯುತ್ತಾಳೆ, ನೀನು ಬಿಚ್ಚಿ ಚೆನ್ನಾಗಿ ಹೊಲಿ. ಆಮೇಲೆ ಅದನ್ನು ಟ್ರಂಕಿಗೆ ಹಾಕಬೇಡ. ನಿನ್ನ ಮಂಚಕ್ಕೆ ಕಟ್ಟು. ಅದರಡಿಯಲ್ಲಿ ನೀನೇ ಮಲಗು. ಒಲೆಯ ಹೊಗೆ ಹಿಡಿಯಲಿ, ಮೊಮ್ಮಕ್ಕಳು ಜಗ್ಗಲಿ, ಮಂಚದ ಮೊಳೆಗೆ ಸಿಕ್ಕಲಿ. ಹರಿದರೆ ಹರಿಯಲಿ ಅತ್ತಿಗೆ. ಹರಿಯಲಿ ಎಂದೇ ಕೊಟ್ಟದ್ದು.

ಸರೋವರದ ತಾಯಿಗಾಳಿ ನಿನ್ನ ಮನೆಯನ್ನು ತಂಪಾಗಿಡಲಿ, ದೇವರು ನಿನ್ನ ಕೈಗೂ ಕಣ್ಣಿಗೂ ಬಲ ಕೊಡಲಿ, ನಿನ್ನ ಮೊಮ್ಮಕ್ಕಳು ಜ್ವರವಿಲ್ಲದ ನಿದ್ದೆ ಮಾಡಲಿ.

ನಿನ್ನ ಮಾತು ತಡವಾಗಿ ಕೇಳಿಸಿಕೊಂಡ ನಾದಿನಿ,
ನ್ಯಾಫುರು